ಗುಳಿಗೆ ತಪ್ಪದೆ ನುಂಗ್ತಿದ್ರೆ ಕಾಂಡೋಮ್ ಬಿಡಬಹುದಾ? (ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯ ಎಚ್‌ಐವಿ ಪಾಸಿಟಿವ್ ದಂಪತಿಗಳಿಗೆ)

ಸಿರುಗುಪ್ಪ ಕಾಲುವೆ

ಎಚ್‌ಐವಿ ಔಷಧಿ ಕೊಡುವ ಎಆರ್‌ಟಿ ಸೆಂಟರಿನ ಹೊರಗಿನ ಬೆಂಚಿನ ಮೇಲೆ ಹೆಚ್ಚು ಕೇಳಿಬರುವ ಪ್ರಶ್ನೆ ಇದು. ಒಳಗೆ ಕೌನ್ಸೆಲರ್ ಮುಂದೆ ಕೂತಾಗ ಮಾತ್ರ ಬಾಯಿಗೆ ಬರುವುದಿಲ್ಲ. ಅದಕ್ಕೇ ಇಲ್ಲಿ ಎತ್ತುತ್ತಿದ್ದೇನೆ. ಗಂಡ ಹೆಂಡತಿಯಲ್ಲಿ ಒಬ್ಬರು ಪಾಸಿಟಿವ್, ಇನ್ನೊಬ್ಬರು ನೆಗೆಟಿವ್. ವೈರಸ್ ಅಡಗಿಸುವ ಟಿಎಲ್‌ಡಿ ಗುಳಿಗೆ ಶುರುವಾಗಿ ಎರಡು ವರ್ಷ ಆಗಿದೆ. ಇನ್ನು ಕಾಂಡೋಮ್ ಬಿಡಬಹುದೋ ಇಲ್ಲವೋ?

"ಧೈರ್ಯವಾಗಿ ಬಿಡ್ರಿ" ಅನ್ನುವವರಿದ್ದಾರೆ, "ಸಾಯೋತನಕ ಬಿಡಬಾರದು" ಅನ್ನುವವರೂ ಇದ್ದಾರೆ. ಎರಡೂ ಅರ್ಧ ಮಾತು. ಗುಳಿಗೆ ನುಂಗುತ್ತಿದ್ದೇನೆ ಅನ್ನುವುದು ಬೇರೆ, ವೈರಸ್ ಅಡಗಿದೆ ಅನ್ನುವುದು ಬೇರೆ. ಎರಡನೆಯದನ್ನು ಹೇಳಬಲ್ಲದ್ದು ವೈರಲ್ ಲೋಡ್ ವರದಿ, ಅಂದರೆ ಒಂದು ಮಿಲಿಲೀಟರ್ ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ಎಣಿಸುವ ವರದಿ, ಒಂದೇ. ತೂಕ ಏರಿದೆ, ಮುಖಕ್ಕೆ ಕಳೆ ಬಂದಿದೆ, ಸಿಡಿ4 700 ದಾಟಿದೆ ಅನ್ನುವುದು ಸಂತೋಷದ ಸುದ್ದಿಯೇ. ಆದರೆ ಸಿಡಿ4 ಮೈಯೊಳಗಿನ ಕಾವಲು ಎಷ್ಟಿದೆ ಎಂದು ಹೇಳುತ್ತದೆ, ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ಹೇಳುವುದಿಲ್ಲ.

ಸೆಂಟರಿನವರು ಕೊಟ್ಟ ಹಸಿರು ಪುಸ್ತಕ ತೆಗೆದು ನೋಡಿ. ಗುಳಿಗೆ ಶುರುವಾದ 6ನೇ ತಿಂಗಳಿಗೆ ಒಂದು, 12ನೇ ತಿಂಗಳಿಗೆ ಒಂದು, ಆಮೇಲೆ ವರ್ಷಕ್ಕೊಂದು ವೈರಲ್ ಲೋಡ್ ಇರಬೇಕು. ಆ ಕಾಲಂ ಖಾಲಿ ಇದ್ದರೆ ಈ ಪ್ರಶ್ನೆಗೆ ಇನ್ನೂ ಉತ್ತರ ಇಲ್ಲ ಅಂತಲೇ ಅರ್ಥ. ಮುಂದಿನ ಭೇಟಿಯಲ್ಲಿ ಬಾಯಿಬಿಟ್ಟು ಕೇಳಿ. ಪರೀಕ್ಷೆ ಉಚಿತ.

ವೇದಿಕೆ ನಿರ್ವಾಹಕರು

ಒಳ್ಳೆಯ ವಿಷಯ, ಮೇಲೆ ಇಡುತ್ತಿದ್ದೇವೆ. ಹೆಸರು, ಫೋನ್ ನಂಬರ್, ಎಆರ್‌ಟಿ ನಂಬರ್ ಯಾರೂ ಹಾಕಬೇಡಿ. ವರದಿಯ ಫೋಟೊ ಕೂಡ ಬೇಡ, ಸಂಖ್ಯೆ ಬರೆದರೆ ಸಾಕು.

ಮಸ್ಕಿ ಹತ್ತಿ

ಅಣ್ಣಾರ, ಒಂದು ಸಂಶಯ ಐತ್ರಿ. ನಮ್ ಕಡೆ ಸೆಂಟರ್‌ನ್ಯಾಗ 1000ದ ಒಳಗ ಬಂದ್ರ "ಚಲೋ ಐತಿ" ಅಂತ ಬರದು ಕಳಸ್ತಾರ. ಮತ್ತ 200 ಅನ್ನೋ ಲೆಕ್ಕಾನೂ ಕೇಳೀವಿ. ಯಾವುದು ಹಿಡೀಬೇಕ್ರಿ?

ಸಿರುಗುಪ್ಪ ಕಾಲುವೆ

ಎರಡೂ ಸರಿ ಇವೆ, ಕೆಲಸ ಬೇರೆ ಬೇರೆ. 1000 ಅನ್ನುವುದು ಔಷಧಿ ಸರಿಯಾಗಿ ಹಿಡಿದಿದೆಯೋ, ಸಾಲು (ಗುಳಿಗೆಗಳ ಜೋಡಣೆ) ಬದಲಿಸಬೇಕೋ ಎಂದು ವೈದ್ಯರು ತೀರ್ಮಾನಿಸುವ ಗೆರೆ. 200 ಅನ್ನುವುದು ದಂಪತಿಗಳ ಅಧ್ಯಯನಗಳಲ್ಲಿ ಬಳಸಿದ ಗೆರೆ. ಯುರೋಪಿನ ಪಾರ್ಟ್‌ನರ್ ಅಧ್ಯಯನದ ಫಲಿತಾಂಶ 2016ರಲ್ಲಿ ಬಂತು. ಪಾಸಿಟಿವ್ ಸಂಗಾತಿಯ ಲೋಡ್ 200ರ ಒಳಗೆ ಇದ್ದ 888 ಜೋಡಿಗಳು, ಕಾಂಡೋಮ್ ಇಲ್ಲದೆ ಸುಮಾರು 58,000 ಸಲ ಕೂಡಿದ ಲೆಕ್ಕ. ಸಂಗಾತಿಯಿಂದ ಸಂಗಾತಿಗೆ ದಾಟಿದ ಸೋಂಕು ಒಂದೂ ಇಲ್ಲ. ಗಂಡಸರ ಜೋಡಿಗಳನ್ನೇ ನೋಡಿದ ಎರಡನೇ ಸುತ್ತು 2019ರಲ್ಲಿ ಪ್ರಕಟವಾಯಿತು, ಅದರಲ್ಲೂ ಸೊನ್ನೆ.

2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಮೂರು ಮೆಟ್ಟಿಲಾಗಿ ಹೇಳಿತು. ಯಂತ್ರಕ್ಕೆ ಸಿಗದಷ್ಟು ಕಡಿಮೆ ಇದ್ದರೆ ಲೈಂಗಿಕ ಸಂಗಾತಿಗೆ ದಾಟುವ ಅಪಾಯ ಸೊನ್ನೆ. ಸಿಕ್ಕರೂ 1000 ಅಥವಾ ಅದರೊಳಗಿದ್ದರೆ ಅಪಾಯ ಬಹುತೇಕ ಇಲ್ಲವೆನ್ನುವಷ್ಟು. 1000 ದಾಟಿದರೆ ಅಪಾಯ ಇದೆ. ವರದಿಯಲ್ಲಿ "ಟಿಎನ್‌ಡಿ" ಎಂದು ಬಂದಿದ್ದರೆ ವೈರಸ್ ಪತ್ತೆ ಆಗಿಲ್ಲ ಎಂದರ್ಥ. ನಮ್ಮ ಸಲಹೆ ಇಷ್ಟು: ಗುಳಿಗೆ ಶುರುವಾಗಿ ಕನಿಷ್ಠ 6 ತಿಂಗಳು ಆಗಿರಬೇಕು, ವರದಿ ಟಿಎನ್‌ಡಿ ಅಥವಾ 200ರ ಒಳಗೆ ಇರಬೇಕು, ಆ ವರದಿಯ ನಂತರ ಗುಳಿಗೆ ತಪ್ಪಿರಬಾರದು. ಮೂರರಲ್ಲಿ ಮೂರೂ ಇದ್ದಾಗ ಮಾತ್ರ ಎಚ್‌ಐವಿ ಮಟ್ಟಿಗೆ ಕಾಂಡೋಮ್ ಮಾತು ಎತ್ತಬಹುದು. 640 ಬಂದಿದ್ದರೆ ಗಾಬರಿ ಬೇಡ, ಆದರೆ ಮತ್ತೊಂದು ವರದಿ ಬರುವವರೆಗೆ ಬಿಡಬೇಡಿ.

ಕುಷ್ಟಗಿ ಬಯಲು

ಮೂರನೆಯದನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕು. ಇಲ್ಲಿ ಎಡವುವುದೇ ಅಲ್ಲಿ. ತಿಂಗಳಿಗೆ 30 ಗುಳಿಗೆ, 2 ತಪ್ಪಿದರೆ 28. ಲೆಕ್ಕ ಹಾಕಿದರೆ ಶೇ 93. ಸೆಂಟರ್ ಕೇಳುವುದು ಶೇ 95. "ಬರೀ ಎರಡು ದಿನ ಸರ್" ಅನ್ನುವ ಎರಡು ದಿನವೇ ಆ ಗೆರೆಯ ಕೆಳಗೆ ತಳ್ಳಿಬಿಡುತ್ತದೆ.

ನಮ್ಮ ಜಿಲ್ಲೆಗಳಲ್ಲಿ ಗುಳಿಗೆ ತಪ್ಪುವುದು ಗುಳೆ ಹೋದಾಗ. ಬೆಂಗಳೂರು, ಪುಣೆ, ಗೋವಾ ಕಡೆ ಕಟ್ಟಡ ಕೆಲಸ. ಒಂದು ಶೆಡ್ಡಿನಲ್ಲಿ ಹತ್ತು ಜನ, ಡಬ್ಬಿ ತೆಗೆದರೆ ಎಲ್ಲರ ಕಣ್ಣು. ಡಬ್ಬಿ ಗೊತ್ತಾಗಬಾರದೆಂದು ಗುಳಿಗೆಯನ್ನು ಪೇಪರ್ ಪೊಟ್ಟಣಕ್ಕೆ ಸುರಿದುಕೊಂಡು ಹೋಗುತ್ತಾರೆ. ಬೆವರಿಗೆ, ಮಳೆಗೆ ಗುಳಿಗೆ ತೇವ ಹಿಡಿದು ಹಾಳಾಗುತ್ತದೆ. ಡಬ್ಬಿಯೊಳಗೆ ಇರುವ ಸಣ್ಣ ಬಿಳಿ ಚೀಲ ತೇವ ಹೀರಲಿಕ್ಕೆ ಇಟ್ಟದ್ದು, ಅದನ್ನು ಎಸೆಯಬೇಡಿ. ಮುಚ್ಚಿಡಬೇಕಿದ್ದರೆ ಡಬ್ಬಿಯ ಮೇಲಿನ ಚೀಟಿ ಕಿತ್ತುಹಾಕಿ, ಡಬ್ಬಿ ಅದೇ ಇರಲಿ.

ಹೋಗುವ ಮುಂಚೆ ಸೆಂಟರಿಗೆ ಹೇಳಿ. ಲೋಡ್ ಅಡಗಿ ಸ್ಥಿರವಾಗಿರುವವರಿಗೆ ಒಮ್ಮೆಗೇ 3 ತಿಂಗಳ ಗುಳಿಗೆ ಕೊಡುವ ವ್ಯವಸ್ಥೆ ಇದೆ. ಅದೂ ಮುಗಿದರೆ ಹೋದ ಊರಿನ ಸರ್ಕಾರಿ ಎಆರ್‌ಟಿ ಸೆಂಟರಿಗೆ ಹಸಿರು ಪುಸ್ತಕ ತೋರಿಸಿ ಕೇಳಬಹುದು. ಪುಸ್ತಕ ಮನೆಯಲ್ಲೇ ಬಿಟ್ಟು ಹೋದರೆ ಇದು ಯಾವುದೂ ಸುಲಭವಿಲ್ಲ. ಪುಟಗಳ ಫೋಟೊ ಮೊಬೈಲಿನಲ್ಲಿ ಲಾಕ್ ಹಾಕಿ ಇಟ್ಟುಕೊಳ್ಳಿ.

ಗುಳಿಗೆ ಪೂರ್ತಿ ನಿಂತರೆ ಸಾಮಾನ್ಯವಾಗಿ 2ರಿಂದ 4 ವಾರದಲ್ಲಿ ವೈರಸ್ ಮತ್ತೆ ತಲೆ ಎತ್ತುತ್ತದೆ. ಹಬ್ಬಕ್ಕೆಂದು ಊರಿಗೆ ಬಂದಾಗ ಹಳೆಯ ಟಿಎನ್‌ಡಿ ವರದಿ ನಂಬಿ ಕೂಡುವುದು ದೊಡ್ಡ ತಪ್ಪು. ಆ ವರದಿ ರಕ್ತ ಕೊಟ್ಟ ದಿನದ್ದು, ಇವತ್ತಿನದ್ದಲ್ಲ.

ಗಂಗಾವತಿ ಭತ್ತ

ನಿಯತ್ತಾಗಿ ನುಂಗಿಯೂ ಲೋಡ್ ಇಳಿಯದ ಒಂದು ಕಾರಣ ಯಾರೂ ಹೇಳಲಿಲ್ಲ, ರಕ್ತದ ಗುಳಿಗೆ. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತ ಕಮ್ಮಿ ಇರುವುದು ಮನೆಮಾತು, ಆಶಾ ಕಾರ್ಯಕರ್ತೆ ಕಬ್ಬಿಣದ ಗುಳಿಗೆ ಕೊಟ್ಟಿರುತ್ತಾರೆ. ಟಿಎಲ್‌ಡಿಯೊಳಗಿನ ಡೊಲುಟೆಗ್ರಾವಿರ್ ಹೊಟ್ಟೆಯಲ್ಲಿ ಕಬ್ಬಿಣ, ಕ್ಯಾಲ್ಸಿಯಂ ಜೊತೆ ಅಂಟಿಕೊಂಡರೆ ರಕ್ತಕ್ಕೆ ಸೇರುವುದು ಕಮ್ಮಿ. ಖಾಲಿ ಹೊಟ್ಟೆಯಲ್ಲಿ ಎರಡನ್ನೂ ಒಟ್ಟಿಗೆ ನುಂಗಬಾರದು. ಊಟದ ಜೊತೆ ಒಟ್ಟಿಗೆ ಆಗಬಹುದು. ಇಲ್ಲವಾದರೆ ಕಬ್ಬಿಣಕ್ಕಿಂತ 2 ತಾಸು ಮುಂಚೆ ಅಥವಾ 6 ತಾಸು ಆದಮೇಲೆ ಟಿಎಲ್‌ಡಿ. ಎದೆ ಉರಿಗೆ ಕುಡಿಯುವ ಜೆಲುಸಿಲ್, ಡೈಜಿನ್ ತರದ ಔಷಧಿಗೆ ಊಟದ ರಿಯಾಯಿತಿಯೂ ಇಲ್ಲ, 2 ತಾಸು ಮುಂಚೆ ಇಲ್ಲವೇ 6 ತಾಸು ನಂತರ. ಖಾರದ ಊಟ ಮಾಡಿ ರಾತ್ರಿ ಜೆಲುಸಿಲ್ ಕುಡಿದು, ಬೆನ್ನಿಗೇ ಟಿಎಲ್‌ಡಿ ನುಂಗಿ ಮಲಗುವವರು ಇದನ್ನು ಇವತ್ತೇ ಬದಲಿಸಿ.

ಟಿಬಿ ಔಷಧಿ ನಡೆಯುತ್ತಿದ್ದರೆ ಅದರಲ್ಲಿರುವ ರಿಫಾಂಪಿಸಿನ್ ಕಾರಣಕ್ಕೆ ಡೊಲುಟೆಗ್ರಾವಿರ್ 50 ಮಿಲಿಗ್ರಾಂ ಇನ್ನೊಂದು, 12 ತಾಸು ಬಿಟ್ಟು ಬೇಕು. ಅದನ್ನು ಕೊಟ್ಟಿದ್ದಾರೋ ಇಲ್ಲವೋ ನೋಡಿಕೊಳ್ಳಿ.

ಕೋಟೆ ಬಂಡೆ

ಕಾಂಡೋಮ್ ಬಿಡುವ ಮಾತೇ ಆಯಿತು, ಹಾಕಿಕೊಳ್ಳುವವರು ಹೇಗೆ ಇಡುತ್ತಾರೆ ಅನ್ನುವುದೂ ಬರಲಿ. ಬಳ್ಳಾರಿ, ರಾಯಚೂರು ಬಿಸಿಲು 40 ಡಿಗ್ರಿ ದಾಟುತ್ತದೆ. ಲಾರಿಯ ಗಾಜಿನ ಹಿಂದೆ, ಬೈಕಿನ ಸೀಟಿನ ಕೆಳಗೆ, ಅಂಗಿಯ ಜೇಬಿನ ಪರ್ಸಿನಲ್ಲಿ ತಿಂಗಳುಗಟ್ಟಲೆ ಇಟ್ಟದ್ದು ನೋಡಲಿಕ್ಕೆ ಹೊಸದೇ, ಆದರೆ ರಬ್ಬರ್ ಜೀವ ಕಳೆದುಕೊಂಡಿರುತ್ತದೆ. ತಗಡಿನ ಶೀಟಿನ ಮನೆಯಾದರೆ ಅಟ್ಟದ ಮೇಲೆ ಇಡಲೇಬೇಡಿ. ಒಳಗಿನ ಗೋಡೆಯ ಗೂಡಿನಲ್ಲಿ, ಬಿಸಿಲು ಬೀಳದ ಕಡೆ, ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಇಡಿ.

ಬಳಸುವಾಗ ಮೊದಲು ತಾರೀಖು ನೋಡಿ. ಆಮೇಲೆ ಪೊಟ್ಟಣವನ್ನು ಎರಡು ಬೆರಳಲ್ಲಿ ಒತ್ತಿ. ಒಳಗೆ ಗಾಳಿಯ ಗುಳ್ಳೆ ಪುಟಿಯಬೇಕು. ಪುಟಿಯದೆ ಚಪ್ಪಟೆ ಆದರೆ ಪೊಟ್ಟಣಕ್ಕೆ ತೂತು ಬಿದ್ದಿದೆ, ಎಸೆಯಿರಿ. ಕಾಂಡೋಮನ್ನು ಒಂದು ಮೂಲೆಗೆ ಸರಿಸಿ ಇನ್ನೊಂದು ಮೂಲೆಯಿಂದ ಕೈಯಲ್ಲೇ ಹರಿಯಿರಿ, ಹಲ್ಲು ಕತ್ತರಿ ಬೇಡ. ತುದಿಯ ತೊಟ್ಟನ್ನು ಹಿಂಡಿ ಗಾಳಿ ತೆಗೆದು, ಶಿಶ್ನ ಪೂರ್ತಿ ಗಡಸಾದ ಮೇಲೆ ಬುಡದವರೆಗೆ ಬಿಚ್ಚುತ್ತಾ ಹೋಗಿ. ತಿರುವುಮುರುವಾಗಿ ಇಟ್ಟು ಬಿಚ್ಚಲು ಬರದಿದ್ದರೆ ಅದನ್ನೇ ತಿರುಗಿಸಿ ಹಾಕಬೇಡಿ, ಹೊಸದು ತೆಗೆಯಿರಿ. ತುದಿಗೆ ದ್ರವ ತಾಗಿರುತ್ತದೆ. ಮುಗಿದ ಮೇಲೆ ಸಡಿಲಾಗುವ ಮುಂಚೆಯೇ ಬುಡದ ರಿಂಗ್ ಹಿಡಿದುಕೊಂಡು ಹೊರಗೆ ತೆಗೆಯಿರಿ. ಒಳಗೇ ಜಾರಿ ಉಳಿಯುವುದು ಈ ಕೊನೆಯ ಕ್ಷಣದಲ್ಲಿ. ಒಂದರ ಮೇಲೊಂದು ಎರಡು ಹಾಕಿದರೆ ಗಟ್ಟಿ ಅನ್ನುವ ನಂಬಿಕೆ ತಪ್ಪು, ತಿಕ್ಕಾಟಕ್ಕೆ ಎರಡೂ ಹರಿಯುತ್ತವೆ.

ಜೋಳದ ತೆನೆ

ಕೊಬ್ಬರಿ ಎಣ್ಣೆ?

ಕೋಟೆ ಬಂಡೆ

ಬೇಡವೇ ಬೇಡ. ಕೊಬ್ಬರಿ ಎಣ್ಣೆ, ವ್ಯಾಸಲೀನ್, ಬೆಣ್ಣೆ, ಯಾವ ಜಿಡ್ಡೂ ನಿರೋಧ್ ತರದ ರಬ್ಬರ್ ಕಾಂಡೋಮಿಗೆ ಆಗದು, ನಿಮಿಷಗಳಲ್ಲೇ ರಬ್ಬರ್ ಸೊರಗುತ್ತದೆ. ನೀರಿನಲ್ಲಿ ತೊಳೆದರೆ ಹೋಗುವ ಜೆಲ್ ಮಾತ್ರ. ಒಣಗಿದ್ದಕ್ಕೆ ಹರಿಯುವುದೇ ಹೆಚ್ಚು, ಅದಕ್ಕೆ ಜೆಲ್ಲನ್ನು ಶೋಕಿ ಎಂದು ತಿಳಿಯಬೇಡಿ. ಮುಟ್ಟು ನಿಂತ ಹೆಣ್ಣುಮಕ್ಕಳಿಗೆ, ಹಾಲೂಡಿಸುವ ತಾಯಂದಿರಿಗೆ ಒಣಗುವುದು ಸಹಜ.

ಹುಲಿಗಿ ಹೊಳೆ

ಗಂಡಸರ ನಡುವಿನ ಸಂಬಂಧದವರಿಗೆ, ಜೋಗಪ್ಪ ಮತ್ತು ಟ್ರಾನ್ಸ್ ಸಮುದಾಯದವರಿಗೆ ಜೆಲ್ ಮಾತು ಇನ್ನೂ ಮುಖ್ಯ. ಎಲ್ಲ ವಿಧದ ಕೂಟದಲ್ಲೂ ಅಪಾಯ ಒಂದೇ ಅಲ್ಲ. ಪಾಸಿಟಿವ್ ಸಂಗಾತಿ ಔಷಧಿ ಇಲ್ಲದೆ, ಕಾಂಡೋಮ್ ಇಲ್ಲದೆ ಇದ್ದಾಗ, ಗುದಸಂಭೋಗದಲ್ಲಿ ಒಳಗೆ ಪಡೆಯುವವರಿಗೆ 10,000 ಸಲಕ್ಕೆ ಸುಮಾರು 138, ಮಾಡುವವರಿಗೆ 11. ಯೋನಿಸಂಭೋಗದಲ್ಲಿ ಹೆಣ್ಣಿಗೆ ಸುಮಾರು 8, ಗಂಡಿಗೆ 4. ಗುದದೊಳಗಿನ ಪದರ ತೆಳು, ತನ್ನಷ್ಟಕ್ಕೆ ಪಸೆ ಇಲ್ಲ, ಗಾಯ ಬೇಗ. ಟಿಐ ಯೋಜನೆಯ (ಅಪಾಯ ಹೆಚ್ಚಿರುವ ಸಮುದಾಯಗಳ ಎಚ್‌ಐವಿ ತಡೆ ಯೋಜನೆ) ಪೀರ್ ಕಾರ್ಯಕರ್ತರ ಹತ್ತಿರ ಕಾಂಡೋಮ್ ಕೇಳುವಾಗ ಜೆಲ್ಲನ್ನೂ ಕೇಳಿ.

ಇನ್ನೊಂದು, ಗುದದ ಗೊನೊರಿಯಾ, ಕ್ಲಮಿಡಿಯಾ ಎಷ್ಟೋ ಸಲ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ಗುಪ್ತರೋಗ ನೋಡುವ ಸರ್ಕಾರಿ ಸುರಕ್ಷಾ ಕ್ಲಿನಿಕ್ಕಿನಲ್ಲಿ ಯಾವ ರೀತಿ ಕೂಡುತ್ತೀರಿ ಎಂದು ಕೇಳುವುದು ಪರೀಕ್ಷೆ ಎಲ್ಲಿ ಮಾಡಬೇಕು ಎಂದು ತಿಳಿಯಲಿಕ್ಕೆ. ಮುಚ್ಚಿಟ್ಟರೆ ತಪ್ಪು ಜಾಗ ನೋಡಿ ಕಳಿಸುತ್ತಾರೆ. ವಯಸ್ಕರಿಬ್ಬರ ಒಪ್ಪಿಗೆಯ ಸಂಬಂಧ 2018ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಅಪರಾಧವಲ್ಲ. ಹೇಳಲಿಕ್ಕೆ ಹೆದರಬೇಕಿಲ್ಲ.

ಯಲಬುರ್ಗಾ ಕಲ್ಲು

ಗುಪ್ತರೋಗ ಇದ್ದರೆ ಟಿಎನ್‌ಡಿ ಇದ್ದರೂ ಎಚ್‌ಐವಿ ದಾಟುತ್ತದೆ ಅಂತಾರಲ್ಲ?

ಸಿರುಗುಪ್ಪ ಕಾಲುವೆ

ಔಷಧಿ ಇಲ್ಲದವರಲ್ಲಿ ಹುಣ್ಣು, ಕೀವು ಇದ್ದರೆ ದಾಟುವುದು ಹೆಚ್ಚು, ಅದು ನಿಜ. ಲೋಡ್ ಪೂರ್ತಿ ಅಡಗಿದವರಲ್ಲಿ ಹಾಗಿಲ್ಲ. ಮೇಲೆ ಹೇಳಿದ ಅಧ್ಯಯನದಲ್ಲಿ ಗುಪ್ತರೋಗ ಇದ್ದವರೂ ಇದ್ದರು, ಆದರೂ ಸೊನ್ನೆಯೇ. ಆದರೆ ಟಿಎನ್‌ಡಿ ಅನ್ನುವುದು ಎಚ್‌ಐವಿಗೆ ಮಾತ್ರ ಬೇಲಿ. ಸಿಫಿಲಿಸ್, ಗೊನೊರಿಯಾ, ಹರ್ಪಿಸ್, ಹೆಪಟೈಟಿಸ್ ಬಿ ಇವಕ್ಕೆ ಆ ವರದಿ ಲೆಕ್ಕಕ್ಕಿಲ್ಲ. ಹೊರಗೆ ಬೇರೆ ಸಂಬಂಧ ಇದ್ದರೆ, ಇಬ್ಬರಲ್ಲಿ ಯಾರಿಗೇ ಇರಲಿ, ಕಾಂಡೋಮ್ ಬಿಡುವ ಮಾತು ಅಲ್ಲಿಗೇ ನಿಂತಿತು.

ತಾಲ್ಲೂಕು ದಾದಿ

ಗುಪ್ತರೋಗದ ವಿಷಯದಲ್ಲಿ ನಮ್ಮ ಜನ ಮೆಡಿಕಲ್ ಶಾಪಿಗೆ ಮೊದಲು ಹೋಗುತ್ತಾರೆ. ಕೀವು ಬರುತ್ತದೆ ಅಂದರೆ ಸಿಪ್ರೊಫ್ಲಾಕ್ಸಸಿನ್ ಎರಡು ಗುಳಿಗೆ ಕೊಟ್ಟು ಕಳಿಸುತ್ತಾರೆ. ಗೊನೊರಿಯಾ ಅದಕ್ಕೆ ಬಗ್ಗುವ ಕಾಲ ಹೋಯಿತು. ಉರಿ ಕಮ್ಮಿ ಆಗಬಹುದು, ರೋಗ ಒಳಗೇ ಉಳಿದು ಹೆಂಡತಿಗೆ ದಾಟುತ್ತದೆ. ಸುರಕ್ಷಾ ಕ್ಲಿನಿಕ್ಕಿನಲ್ಲಿ ಬಣ್ಣದ ಕಿಟ್‌ಗಳಿವೆ, ಉಚಿತ. ಗಂಡಸರ ಕೀವಿಗೆ ಕೊಡುವ ಬೂದು ಬಣ್ಣದ ಕಿಟ್‌ನಲ್ಲಿ ಅಜಿತ್ರೊಮೈಸಿನ್ 1 ಗ್ರಾಂ, ಸೆಫಿಕ್ಸಿಮ್ 400 ಮಿಲಿಗ್ರಾಂ, ಎರಡೂ ಒಂದೇ ಹೊತ್ತಿಗೆ ಅಲ್ಲೇ ನುಂಗುವಂಥದ್ದು. ಸಂಗಾತಿಗೂ ಕಿಟ್ ಬೇಕು. ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಬಿಟ್ಟರೆ ಮರುವಾರವೇ ತಿರುಗಿ ಬರುತ್ತದೆ. ಇಬ್ಬರೂ ನುಂಗಿ 7 ದಿನ ಆಗುವವರೆಗೆ ಕೂಡಬಾರದು.

ಸಿಫಿಲಿಸ್ ಬೇರೆ ತರ. ನೋವಿಲ್ಲದ ಒಂದೇ ಹುಣ್ಣು, 3ರಿಂದ 6 ವಾರದಲ್ಲಿ ತಾನಾಗಿ ಮಾಯುತ್ತದೆ. ಮಾಯಿತು ಎಂದು ಸುಮ್ಮನಾದರೆ ರೋಗ ರಕ್ತದಲ್ಲೇ ಉಳಿಯುತ್ತದೆ. ಬೆಂಜಥೀನ್ ಪೆನಿಸಿಲಿನ್ 24 ಲಕ್ಷ ಯೂನಿಟ್, ಕುಂಡಿಯ ಎರಡೂ ಕಡೆ 12-12 ಲಕ್ಷ. ಹಳೆಯ ಸೋಂಕಾದರೆ ವಾರಕ್ಕೊಮ್ಮೆ 3 ಸಲ. ಗುಣವಾಯಿತೇ ಎಂದು ನೋಡುವುದು ಆರ್‌ಪಿಆರ್ ಅನ್ನುವ ರಕ್ತಪರೀಕ್ಷೆಯ ಸಂಖ್ಯೆಯಲ್ಲಿ: 1:32 ಇದ್ದದ್ದು 1:8ಕ್ಕೆ ಇಳಿಯಬೇಕು. ಟಿಪಿಎಚ್‌ಎ ಅನ್ನುವ ಇನ್ನೊಂದು ಸಿಫಿಲಿಸ್ ಪರೀಕ್ಷೆ ಸಾಮಾನ್ಯವಾಗಿ ಜೀವನಪೂರ್ತಿ ಪಾಸಿಟಿವ್ ಆಗಿಯೇ ಉಳಿಯುತ್ತದೆ, ಅದನ್ನು ನೋಡಿ ಮತ್ತೆ ಮತ್ತೆ ಸೂಜಿ ಹಾಕಿಸಿಕೊಳ್ಳಬೇಕಿಲ್ಲ.

ಅಕ್ಕಂದಿರಿಗೆ ಎರಡು ಮಾತು. ಬಿಳಿ ಸೆರಗು ಹೋಗುತ್ತದೆ ಎಂದು ಡೆಟಾಲ್, ಸೋಪು ಹಾಕಿ ಒಳಗೆ ತೊಳೆಯಬೇಡಿ. ಒಳಗಿರುವ ಒಳ್ಳೆಯ ಜೀವಾಣು ಸತ್ತು ಸೆರಗು ಇನ್ನೂ ಹೆಚ್ಚುತ್ತದೆ. ಹೊರಗೆ ಬರೀ ನೀರು ಸಾಕು. ಎರಡನೆಯದು ಗರ್ಭಕೊರಳಿನ ಕ್ಯಾನ್ಸರ್. ಎಚ್‌ಐವಿ ಇರುವ ಹೆಣ್ಣುಮಕ್ಕಳಿಗೆ ಇದರ ಅಪಾಯ ಸುಮಾರು 6 ಪಟ್ಟು. 25 ವಯಸ್ಸಿನಿಂದಲೇ ಪರೀಕ್ಷೆ ಶುರುಮಾಡಬೇಕು. ವಿಐಎ ಅಂದರೆ ಸ್ಪೆಕ್ಯುಲಮ್ ಅನ್ನುವ ಉಪಕರಣದಿಂದ ಯೋನಿ ಅಗಲಿಸಿ ಗರ್ಭಕೊರಳಿಗೆ ತೆಳುವಾದ ಅಸಿಟಿಕ್ ಆಮ್ಲ ಹಚ್ಚಿ ಒಂದು ನಿಮಿಷ ಕಾಯುವುದು. ಕೆಟ್ಟ ಜಾಗ ಇದ್ದರೆ ಬೆಳ್ಳಗಾಗುತ್ತದೆ. ಕೊಯ್ಯುವುದಿಲ್ಲ, ಹೊಲಿಯುವುದಿಲ್ಲ. ಸರಿ ಇದ್ದರೆ 3 ವರ್ಷಕ್ಕೊಮ್ಮೆ ಸಾಕು. ಟಿಎನ್‌ಡಿ ಇರುವವರೂ ಮಾಡಿಸಿಕೊಳ್ಳಲೇಬೇಕು.

ಮಾನ್ವಿ ಮೆಣಸಿನಕಾಯಿ

ಇಬ್ಬರೂ ಪಾಸಿಟಿವ್ ಇದ್ದವರಿಗೆ ಕಾಂಡೋಮ್ ಯಾತಕ್ಕ್ರಿ?

ಕುಷ್ಟಗಿ ಬಯಲು

ಇಬ್ಬರ ಲೋಡ್ ಅಡಗಿದ್ದು, ಹೊರಗೆ ಸಂಬಂಧ ಇಲ್ಲದಿದ್ದರೆ, ಮಕ್ಕಳಾಗದಂತೆ ಬೇರೆ ವಿಧಾನ ಇದ್ದರೆ ಅಷ್ಟಾಗಿ ಬೇಕಿಲ್ಲ. ಒಬ್ಬರ ಲೋಡ್ ಏರಿದ್ದು ಅವರ ವೈರಸ್ ಔಷಧಿಗೆ ಬಗ್ಗದ್ದಾಗಿದ್ದರೆ, ಅದೇ ತಳಿ ಇನ್ನೊಬ್ಬರಿಗೂ ಸೇರಬಹುದು. ಆಗ ಚೆನ್ನಾಗಿ ನಡೆಯುತ್ತಿದ್ದವರ ಔಷಧಿಯೂ ಕೆಡುತ್ತದೆ. 1000 ದಾಟಿದವರಿಗೆ ಸೆಂಟರಿನಲ್ಲಿ ಕೌನ್ಸೆಲಿಂಗ್ ಮಾಡಿ, ಗುಳಿಗೆ ಸರಿಯಾಗಿ ನಡೆದ 3 ತಿಂಗಳ ನಂತರ ಮತ್ತೆ ರಕ್ತ ತೆಗೆಯುತ್ತಾರೆ. ಆ ಫಲಿತಾಂಶ ಕೈಗೆ ಬರುವವರೆಗೆ ಇಬ್ಬರೂ ಪಾಸಿಟಿವ್ ಇದ್ದರೂ ಕಾಂಡೋಮ್ ಬೇಕು.

ಜೋಳದ ತೆನೆ

ಕಾಂಡೋಮ್ ಹರಿದುಹೋಯ್ತು, ಲೋಡ್ ಎಷ್ಟು ಅಂತ ಗೊತ್ತಿಲ್ಲ. ಆಗ?

ತಾಲ್ಲೂಕು ದಾದಿ

ತಡ ಮಾಡದೆ ಸರ್ಕಾರಿ ಆಸ್ಪತ್ರೆಯ ತುರ್ತು ವಿಭಾಗ. ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ, ರಾಯಚೂರಿನ ರಿಮ್ಸ್, ಕೊಪ್ಪಳದ ಜಿಲ್ಲಾ ಆಸ್ಪತ್ರೆ, ಯಾವುದು ಹತ್ತಿರವೋ ಅಲ್ಲಿಗೆ. "ಪೆಪ್ ಬೇಕು" ಎಂದು ಹೇಳಿ, ಅಂದರೆ ವೈರಸ್ ತಾಗಿರಬಹುದಾದ ಮೇಲೆ ಸೋಂಕು ತಡೆಯಲು ನುಂಗುವ ಗುಳಿಗೆ. 72 ತಾಸಿನ ಒಳಗೆ ಶುರುವಾಗಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ನೆಗೆಟಿವ್ ಇರುವವರು ದಿನಕ್ಕೊಂದು ಟಿಎಲ್‌ಡಿ, 28 ದಿನ ಪೂರ್ತಿ. ಗುಳಿಗೆ ಅದೇ ತಾನೇ ಎಂದು ಗಂಡನ ಡಬ್ಬಿಯಿಂದಲೇ ನಾಲ್ಕು ದಿನ ನುಂಗಿ ಬಿಡುತ್ತಾರೆ. ಇದರಿಂದ ಇಬ್ಬರಿಗೂ ನಷ್ಟ: ಆಕೆಗೆ 28 ದಿನ ಆಗಲಿಲ್ಲ, ಆತನಿಗೆ ತಿಂಗಳ ಕೊನೆಗೆ ಗುಳಿಗೆ ಸಾಲಲಿಲ್ಲ. ಮೊದಲ ದಿನದ ಎಚ್‌ಐವಿ, ಹೆಪಟೈಟಿಸ್ ಬಿ ಪರೀಕ್ಷೆಯೂ ಆಗಿರುವುದಿಲ್ಲ. ಹೆಪಟೈಟಿಸ್ ಬಿ ಇದ್ದವರು ಟಿಎಲ್‌ಡಿ ಶುರುಮಾಡಿ ಹಠಾತ್ತನೆ ನಿಲ್ಲಿಸಿದರೆ ಲಿವರ್ ಕೆರಳಬಹುದು, ಅದಕ್ಕೇ ಆ ಪರೀಕ್ಷೆ. ಒಳಗೆ ಸೋಪು ಹಾಕಿ ತೊಳೆಯಬೇಡಿ, ಗಾಯ ಆದೀತು.

ಬಸಿರಿನ ಭಯ ಇದ್ದರೆ ತುರ್ತು ಗರ್ಭನಿರೋಧಕ ಗುಳಿಗೆಯನ್ನೂ 72 ತಾಸಿನೊಳಗೆ. ಡೊಲುಟೆಗ್ರಾವಿರ್ ಇದಕ್ಕೆ ಅಡ್ಡ ಬರುವುದಿಲ್ಲ. ಹಳೆಯ ಎಫಾವಿರೆಂಜ್ ನುಂಗುತ್ತಿರುವವರಲ್ಲಿ ಮಾತ್ರ ಅದರ ಬಲ ಕಮ್ಮಿ ಆಗುತ್ತದೆ, ವೈದ್ಯರಿಗೆ ಹೇಳಿ.

ಗಂಗಾವತಿ ಭತ್ತ

ಗಂಡಸರ ಶಕ್ತಿಯ ಗುಳಿಗೆ ಬಗ್ಗೆಯೂ ಒಂದು ಎಚ್ಚರ. ಟಿಎಲ್‌ಡಿ ಜೊತೆ ಸಿಲ್ಡೆನಾಫಿಲ್‌ಗೆ ತಕರಾರಿಲ್ಲ. ಎರಡನೇ ಸಾಲಿನಲ್ಲಿ ರಿಟೊನಾವಿರ್ ಸೇರಿದ ಗುಳಿಗೆ ಇದ್ದರೆ ಅದು ಸಿಲ್ಡೆನಾಫಿಲ್ಲನ್ನು ರಕ್ತದಲ್ಲಿ ಹಲವು ಪಟ್ಟು ಏರಿಸುತ್ತದೆ. 48 ತಾಸಿಗೆ 25 ಮಿಲಿಗ್ರಾಂ ಮೀರಬಾರದು. ಅಂಗಡಿಯಲ್ಲಿ ಸಿಗುವುದು 50, 100. ಎದೆನೋವಿಗೆ ನೈಟ್ರೇಟ್ ಗುಳಿಗೆ ಇರುವವರು ಮುಟ್ಟಲೇಬಾರದು.

ಯಲಬುರ್ಗಾ ಕಲ್ಲು

ಮಗು ಬೇಕು ಅನ್ನುವವರಿಗೆ?

ಸಿರುಗುಪ್ಪ ಕಾಲುವೆ

ಲೋಡ್ ಅಡಗಿದ ವರದಿ ಕೈಯಲ್ಲಿದ್ದರೆ ಸಹಜವಾಗಿಯೇ ಆಗಬಹುದು. ಎಲ್ಲ ದಿನ ಕಾಂಡೋಮ್ ಬಿಡಬೇಕಿಲ್ಲ. ಮುಟ್ಟಿನ ಚಕ್ರ 28 ದಿನದ್ದಾದರೆ ಮೊಟ್ಟೆ ಬಿಡುವುದು 14ನೇ ದಿನದ ಆಸುಪಾಸು, 30 ದಿನದ್ದಾದರೆ 16. ಆ ದಿನ ಮತ್ತು ಅದರ ಹಿಂದಿನ 5 ದಿನ ಫಲ ಹಿಡಿಯುವ ಕಾಲ. ಹೆಂಡತಿ ಪಾಸಿಟಿವ್, ಗಂಡ ನೆಗೆಟಿವ್ ಆಗಿದ್ದು ಲೋಡ್ ಇನ್ನೂ ಇಳಿಯದಿದ್ದರೆ, ಶುಭ್ರ ಬಟ್ಟಲಿನಲ್ಲಿ ವೀರ್ಯ ತೆಗೆದು ಸೂಜಿ ಇಲ್ಲದ ಸಿರಿಂಜಿನಿಂದ ಯೋನಿಯೊಳಗೆ ಬಿಡುವ ದಾರಿಯೂ ಇದೆ. ಗಂಡನಿಗೆ ಅಪಾಯ ಇಲ್ಲ. ಆದರೆ ಮಗುವಿನ ದೃಷ್ಟಿಯಿಂದ ಲೋಡ್ ಇಳಿಯುವವರೆಗೆ ಕಾಯುವುದೇ ಮೇಲು. ಬಸಿರು ನಿಂತ ಮೇಲೆ ಟಿಎಲ್‌ಡಿ ನಿಲ್ಲಿಸಬಾರದು. ಮತ್ತೆ, ಲೈಂಗಿಕ ಸಂಪರ್ಕದ ಈ "ಸೊನ್ನೆ" ಎದೆಹಾಲಿಗೆ ಹಾಗೆಯೇ ಅನ್ವಯಿಸುವುದಿಲ್ಲ. ಅಪಾಯ ತೀರಾ ಕಮ್ಮಿ ಇದ್ದರೂ ಮಗುವಿಗೆ ಸಿರಪ್ ಮತ್ತು 6ನೇ ವಾರದ ಪರೀಕ್ಷೆ ತಪ್ಪಿಸಬೇಡಿ.

ಮಸ್ಕಿ ಹತ್ತಿ

ಹೆಂಡ್ತಿಗೆ ಹೇಳ್ದೆ ಇದ್ದವ್ರು ಭಾಳ ಮಂದಿ ಅದಾರ್ರಿ. ಆಸ್ಪತ್ರಿಯವ್ರೇ ಹೇಳಿಬಿಡ್ತಾರೇನು ಅಂತ ಗುಳಿಗಿ ತಗೊಳ್ಳಾಕೂ ಬರಂಗಿಲ್ಲ.

ಹುಲಿಗಿ ಹೊಳೆ

2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ನಿಮ್ಮ ಒಪ್ಪಿಗೆ ಇಲ್ಲದೆ ಹೊರಗಿನವರಿಗೆ ಹೇಳುವಂತಿಲ್ಲ. ಸಂಗಾತಿಗೆ ಹೇಳುವ ಅವಕಾಶ ವೈದ್ಯರಿಗೆ, ಕೌನ್ಸೆಲರ್‌ಗೆ ಇದೆ. ಆದರೆ ಮೊದಲು ನಿಮಗೆ ಕೌನ್ಸೆಲಿಂಗ್ ಆಗಿರಬೇಕು, ಸಂಗಾತಿಗೆ ನಿಜವಾದ ಅಪಾಯ ಇರಬೇಕು, ನೀವಾಗಿ ಹೇಳುವುದಿಲ್ಲ ಎಂದು ಖಾತ್ರಿ ಆಗಿರಬೇಕು, ಹೇಳುತ್ತೇವೆ ಎಂದು ನಿಮಗೆ ಮುಂಚೆಯೇ ತಿಳಿಸಿರಬೇಕು. ಪಾಸಿಟಿವ್ ಇರುವುದು ಹೆಂಡತಿಯಾಗಿದ್ದು, ಗೊತ್ತಾದರೆ ಹೊಡೆತ ಬೀಳುವ, ಮನೆಯಿಂದ ಹೊರಹಾಕುವ ಭಯ ಇದ್ದರೆ ಹೇಳುವಂತಿಲ್ಲ. ಜೊತೆಗೆ ಸಂಗಾತಿಗೆ ದಾಟದಂತೆ ನೋಡಿಕೊಳ್ಳುವ ಹೊಣೆಯನ್ನೂ ಅದೇ ಕಾಯ್ದೆ ಪಾಸಿಟಿವ್ ಇರುವವರ ಮೇಲೆ ಇಟ್ಟಿದೆ.

ಹೇಳಲು ಸುಲಭದ ದಾರಿ: "ಇಬ್ಬರೂ ಒಟ್ಟಿಗೆ ರಕ್ತ ಪರೀಕ್ಷೆ ಮಾಡಿಸೋಣ" ಎಂದು ಐಸಿಟಿಸಿಗೆ (ಎಚ್‌ಐವಿ ಪರೀಕ್ಷೆ, ಸಲಹೆಯ ಸರ್ಕಾರಿ ಕೇಂದ್ರ) ಕರೆದುಕೊಂಡು ಹೋಗಿ. ಮುಂಚೆಯೇ ಒಬ್ಬರೇ ಹೋಗಿ ಕೌನ್ಸೆಲರ್‌ಗೆ ವಿಷಯ ತಿಳಿಸಿರಿ, ಅವರು ಮಾತು ಎತ್ತಲು ನೆರವಾಗುತ್ತಾರೆ. ಮುಖ ತೋರಿಸಲು ಹಿಂಜರಿಕೆ ಇದ್ದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ಉಚಿತ.

ಮಸ್ಕಿ ಹತ್ತಿ

ಚಲೋ ಆತ್ರಿ. ಕೊನೀದೊಂದು. ರೈಸ್ ಮಿಲ್‌ನ್ಯಾಗ ಒಂದು ವಾರ ಹಗಲು, ಒಂದು ವಾರ ರಾತ್ರಿ ಪಾಳಿ ಇರ್ತದ. ಗುಳಿಗಿ ಹೊತ್ತು ಹೆಂಗ್ ಇಟ್ಕೋಬೇಕು?

ಕುಷ್ಟಗಿ ಬಯಲು

ಪಾಳಿ ಬದಲಾದರೂ ಬದಲಾಗದ ಹೊತ್ತು ಹುಡುಕಿ. ರಾತ್ರಿ ಪಾಳಿಗೆ ಹೊರಡುವ ಮುಂಚೆ, ಹಗಲು ಪಾಳಿ ಮುಗಿಸಿ ಬಂದ ಮೇಲೆ, ಎರಡಕ್ಕೂ ಸಂಜೆ 7 ಗಂಟೆ ಹೊಂದುತ್ತದೆ. ಮೊಬೈಲಿಗೆ ಅಲಾರಂ ಹಾಕಿ, ಹೆಸರು ಹಾಕಬೇಡಿ. ಮರೆತರೆ ನೆನಪಾದ ಕೂಡಲೇ ನುಂಗಿ. ನೆನಪಾದದ್ದು ಮರುದಿನ ಸಂಜೆಯಾದರೆ ಆವತ್ತಿನ ಒಂದೇ ನುಂಗಿ, ಎರಡು ಬೇಡ. ಹಸಿರು ಪುಸ್ತಕದ ಹಿಂದೆ ಆ ತಾರೀಖಿಗೆ ಒಂದು ಗೀಟು ಹಾಕಿಡಿ. ವೈರಲ್ ಲೋಡ್ ಬಂದ ದಿನ ಆ ಗೀಟುಗಳನ್ನು ಎಣಿಸಿ ಕೌನ್ಸೆಲರ್‌ಗೆ ತೋರಿಸಿ.